ಊಟವಾದ ಮೇಲೆ ಹೇಳುವ ಮಾತು

ಅಚ್ಯುತ ಅಮೆರಿಕದ ಡಬ್ಲಿನ್ ಊರಿನ ಹೆರನ್ಸ್ ಮಹಿಳಾ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷನಾದದ್ದು ಆ ದಿನದ ಮೀಟಿಂಗಿಗೆ ಹೋಗದೆ ಇದ್ದ ತಪ್ಪಿಗೆ. ಹೋಗಿದ್ದರೆ ಬೇಡ ಅನ್ನುತ್ತಿದ್ದ. ಹೋದವರೆಲ್ಲ ಹಾಗೆಯೇ ಬೇಡ ಅಂದು, ಕೊನೆಗೆ ಬೇಡ ಅನ್ನದೆ ಉಳಿದವನು ಇವನೊಬ್ಬನೇ ಆದ. ಫುಟ್‌ಬಾಲಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಮಗಳು ಇಂಚರಾ ಗೋಲ್‌ಕೀಪರ್ ಅನ್ನುವುದು ಗೊತ್ತಿತ್ತು. ಆಟದ ದಿನ ಮಡಚುವ ಕುರ್ಚಿಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬರುವುದು ತನ್ನ ಕೆಲಸ ಅನ್ನುವುದೂ ಗೊತ್ತಿತ್ತು. ಅಧ್ಯಕ್ಷನಾದ ಮೇಲೆ ಕುರ್ಚಿಯ ಕೆಲಸ ಬೇರೆಯವರಿಗೆ ಹೋದೀತು ಅಂದುಕೊಂಡಿದ್ದ. ಹೋಗಲಿಲ್ಲ.

ಹೆರನ್ ಅಂದರೆ ನಮ್ಮ ಕಡೆಯ ಬಕಪಕ್ಷಿ. ಹುಡುಗಿಯರ ಜೆರ್ಸಿಯ ಎದೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತ ಬಕ ಇತ್ತು, ತಂಡ ಆಡುತ್ತಿದ್ದದ್ದೂ ಹೆಚ್ಚುಕಡಿಮೆ ಹಾಗೆಯೇ. ಹಿಂದಿನ ಬೇಸಿಗೆಯ ಲೀಗಿನಲ್ಲಿ ಅವರು ಕಟ್ಟಕಡೆಯ ಸ್ಥಾನದಲ್ಲಿ ಮುಗಿಸಿದ್ದರು. ಅದಕ್ಕೇ ಈ ವರ್ಷ ಒಬ್ಬ ನಿಜವಾದ ಮ್ಯಾನೇಜರ್ ಬೇಕು ಅಂತ ಕ್ಲಬ್ಬಿನ ಅಪ್ಪ ಅಮ್ಮಂದಿರೆಲ್ಲ ಸೇರಿ ಹುಡುಕಿದರು. ಸಿಕ್ಕವಳು ಸೊಲೆನ್ ಕೆರ್‌ಬ್ರಾ.

ಸೊಲೆನ್ ಫ್ರಾನ್ಸಿನವಳು. ಅಲ್ಲಿನ ರಾಷ್ಟ್ರೀಯ ತಂಡಕ್ಕೆ ಆಡಿದವಳು, ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟು ಕ್ಲಬ್ಬುಗಳಿಗೆ ಮ್ಯಾನೇಜರ್ ಆದವಳು. ಆ ವಸಂತದಲ್ಲಿ ಹತ್ತಿರದ ಊರಾದ ವಾಲ್‌ನಟ್ ಕ್ರೀಕಿನ ಒಂದು ಮಕ್ಕಳ ಶಿಬಿರದಲ್ಲಿ ಚೆಂಡು ಒದೆಯುವುದನ್ನು ಕಲಿಸುತ್ತಿದ್ದಳು. ಅಷ್ಟು ದೊಡ್ಡವಳು ಡಬ್ಲಿನ್ನಿನ ಬಕಪಕ್ಷಿಗಳ ಹತ್ತಿರ ಯಾಕೆ ಬರುತ್ತಾಳೆ ಅಂತ ಯಾರೂ ಕೇಳಲಿಲ್ಲ. ಕೇಳಿದರೆ ಅವಳಿಗೂ ಆ ಯೋಚನೆ ಬಂದು ಬಿಟ್ಟೀತು ಅನ್ನುವ ಭಯ.

ನಲವತ್ತು ದಾಟಿದ, ಬಿಸಿಲಿಗೆ ಕೆಂಪಾಗುವ ಮೈಬಣ್ಣದ, ನಕ್ಕರೂ ನಗದಂತೆ ಕಾಣುವ ಹೆಂಗಸು. ಅವಳೆದುರು ಯಾರಾದರೂ ಫುಟ್‌ಬಾಲನ್ನು ಸಾಕರ್ ಅಂದರೆ ಕಿವಿ ಕೇಳಿಸದವಳಂತೆ ಇದ್ದುಬಿಡುತ್ತಿದ್ದಳು. ಹುಡುಗಿಯರು ಅವಳನ್ನು ಕೋಚ್ ಅಂತ ಕರೆದರು. ಬಂದ ಮೊದಲ ವಾರವೇ ಅವಳು ಮೈದಾನದ ಅಂಚಿನಿಂದ ಸಾಕಷ್ಟು ಹಿಂದಕ್ಕೆ ಒಂದು ಹಗ್ಗ ಕಟ್ಟಿಸಿ, ತಂದೆತಾಯಿಗಳೆಲ್ಲ ಅದರ ಆಚೆ ಕೂರಬೇಕು ಅಂದಳು. ಕೂತು ಏನು ಮಾಡಬೇಕು ಅಂತ ಯಾರೋ ಕೇಳಿದರು. ಏನೂ ಮಾಡಬಾರದು, ಮಾತೂ ಆಡಬಾರದು ಅಂದಳು. ಇಷ್ಟು ವರ್ಷ ಅಂಚಿನಲ್ಲಿ ನಿಂತು 'ಒದಿ, ಒದಿ' ಅಂತ ಗಂಟಲು ಹರಿದುಕೊಂಡವರಿಗೆ ಇದೊಂದು ದೊಡ್ಡ ಶಿಕ್ಷೆ. ಅಚ್ಯುತನಿಗೆ ಮಾತ್ರ ಹಾಯಾಗಿತ್ತು. ಅವನು ಅಲ್ಲಿಯವರೆಗೂ ಬೇರೆಯವರು ಕೂಗಿದ್ದನ್ನು ನೋಡಿಕೊಂಡು ಕೂಗುತ್ತಿದ್ದವನು.

ಬಕಪಕ್ಷಿಗಳು ಸೋತವು. ಮತ್ತೆ ಸೋತವು. ಆಮೇಲಿನ ವಾರ ಸ್ಟಾಕ್‌ಟನ್ ತನಕ ಕಾರು ಓಡಿಸಿಕೊಂಡು ಹೋಗಿ ಸೋತು ಬಂದವು.

ಕ್ಲಬ್ಬಿನ ಉಪಾಧ್ಯಕ್ಷ ಕೇದಾರ ಹುಬ್ಬಳ್ಳಿಯವನು. ಅವನ ಮಗಳು ಗಾರ್ಗಿ ಚಿಕ್ಕಂದಿನಿಂದ ಫಾರ್ವರ್ಡ್ ಆಡಿದವಳು, ಅಂದರೆ ಗೋಲು ಹೊಡೆಯಬೇಕಾದವಳು. ಸೊಲೆನ್ ಅವಳನ್ನು ತಂದು ಬೆಂಚಿನ ಮೇಲೆ ಕೂರಿಸಿದ್ದಳು. ಕೇದಾರ ತನ್ನ ಮನೆಯಲ್ಲೇ ಮೀಟಿಂಗು ಕರೆದ. ಈ ಸಲ ಅಚ್ಯುತ ತಪ್ಪದೆ ಹೋದ, ಹೋದದ್ದರಿಂದಲೂ ಪ್ರಯೋಜನವಾಗಲಿಲ್ಲ.

"ಆಕಿ ದೊಡ್ಡ ಆಟಗಾರ್ತಿ, ಒಪ್ಪತೇನಿ," ಅಂದ ಕೇದಾರ. "ಆದರ ಸೋಲೂದಕ್ಕ ನಮಗ ಫ್ರಾನ್ಸಿನವರು ಯಾಕ ಬೇಕು? ಅದನ್ನ ನಾವ ಮಾಡ್ಕೋತಿದ್ವಿ."

ಮ್ಯಾನೇಜರನ್ನು ಬಿಡಿಸಬೇಕು ಅಂತ ನಿರ್ಣಯವಾಯಿತು. ಹೇಳುವವರು ಯಾರು ಅಂತ ಕೇಳುವ ಮೊದಲೇ ಎಲ್ಲರೂ ಅಚ್ಯುತನ ಕಡೆ ತಿರುಗಿದ್ದರು.

"ಒಂದು ಮೇಲ್ ಹಾಕಿ ಬಿಡು, ಮುಗೀತು," ಅಂದ ಕೇದಾರ.

"ಮೇಲ್‌ನಲ್ಲಾ? ಛೆ," ಅಂದ ಅಚ್ಯುತ.

ಅವನ ಛೆಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವನ ಆಫೀಸಿನವರು ಅವನನ್ನು ವಿಡಿಯೋ ಕರೆಗೆ ಕರೆದಿದ್ದರು. ಎಂದೂ ಮುಖ ನೋಡದ ಯಾರೋ ಒಬ್ಬಾಕೆ ಪರದೆಯ ಮೇಲೆ ಬಂದು, ನಿಮ್ಮ ಹುದ್ದೆ ಇವತ್ತಿನಿಂದ ಇಲ್ಲ ಅಂತ ಓದಿ ಹೇಳಿ ಮಾಯವಾದಳು. ಅವನು ಮೇಜಿನ ಮೇಲಿಟ್ಟಿದ್ದ ಕಾಫಿ ಇನ್ನೂ ಆರಿರಲಿಲ್ಲ. ಮುಂದೆ ಬೇರೆ ಕೆಲಸ ಸಿಕ್ಕಿತು, ಮೊದಲಿನದಕ್ಕಿಂತ ಒಳ್ಳೆಯದೇ ಸಿಕ್ಕಿತು. ಆದರೆ ಹೊಟ್ಟೆಗೆ ತಿಂಡಿ ಕೂಡ ಬೀಳದ ಹೊತ್ತಿನಲ್ಲಿ ಅಂಥ ಮಾತು ಆಡಿದರಲ್ಲ ಅನ್ನುವ ಸಂಕಟ ಮಾತ್ರ ಅವನನ್ನು ಬಿಟ್ಟು ಹೋಗಲಿಲ್ಲ. ತಾನು ಯಾರಿಗೂ ಹಾಗೆ ಮಾಡುವುದಿಲ್ಲ ಅಂತ ಅವತ್ತೇ ನಿಶ್ಚಯಿಸಿದ್ದ.

"ಮನೆಗೆ ಕರೆದು, ಎದುರಿಗೆ ಕೂರಿಸಿ, ಮರ್ಯಾದೆಯಿಂದ ಹೇಳ್ತೀನಿ," ಅಂದ.

ಕೆಟ್ಟದ್ದು ಅಲ್ಲಿಯೇ.

"ಶನಿವಾರ ಮಧ್ಯಾಹ್ನ ಬರೋಕೆ ಹೇಳಿದ್ದೀನಿ," ಅಂತ ಹೆಂಡತಿ ವಸುಧಾಗೆ ತಿಳಿಸಿದಾಗ ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಿದಳು.

"ರೀ, ಊಟಕ್ಕೆ ಕರೆದು ಕೆಲಸದಿಂದ ತೆಗೀತೀರಾ?"

"ಊಟಕ್ಕೆ ಅಂತ ನಾನು ಹೇಳಲಿಲ್ಲ. ಮಾತಾಡೋದಿದೆ ಬನ್ನಿ ಅಂದೆ ಅಷ್ಟೇ."

"ಮಧ್ಯಾಹ್ನ ಮನೆಗೆ ಬಂದವರಿಗೆ ಏನು ಕೊಡ್ತಾರೆ? ಬರೀ ಮಾತಾ?"

ಅಚ್ಯುತನ ತಾಯಿ ಸತ್ಯವತಿಯವರು ಮೈಸೂರಿನಿಂದ ಬಂದು ಮಗನ ಮನೆಯಲ್ಲಿ ಬೇಸಿಗೆ ಕಳೆಯುತ್ತಿದ್ದರು. ಅವರು ಕೂತಲ್ಲಿಂದಲೇ ಕಾನೂನು ಹೇಳಿದರು. ಹಸಿದು ಬಂದವರ ಹತ್ತಿರ ಕೆಟ್ಟ ಮಾತು ಆಡಬಾರದು. ಎಲೆಯ ಮುಂದೆ ಕೂತಾಗ ಅಂತೂ ಬಾಯಿ ಬಿಡಲೇಬಾರದು, ಅನ್ನಕ್ಕೆ ಮಾಡಿದ ಅವಮಾನ. ಉಂಡ ಮೇಲೆ ಕೈ ಒಣಗುವ ಮೊದಲೂ ಸಲ್ಲದು.

"ಕೈ ಒಣಗಿದ ಮೇಲೆ ಹೇಳಬಹುದಾ ಅಮ್ಮಾ?"

"ಹೇಳು. ಆದ್ರೆ ಅಷ್ಟು ಹೊತ್ತಿಗೆ ಕುಂಕುಮ ಕೊಟ್ಟಿರ್ತೀವಿ. ಕುಂಕುಮ ಕೊಟ್ಟು ಹೊರಗೆ ಹಾಕ್ತೀಯೇನು?"

ಹಾಗಾದರೆ ಈ ಮನೆತನದಲ್ಲಿ ಕೆಟ್ಟ ಸುದ್ದಿಯನ್ನು ಯಾರೂ ಯಾರಿಗೂ ಹೇಳಿಯೇ ಇಲ್ಲವೇ ಅಂತ ಅಚ್ಯುತ ಯೋಚಿಸಿದ. ಹೇಳಿದ್ದರು. ಅವನಿಗೆ ಎಂಟೋ ಒಂಬತ್ತೋ ವರ್ಷ, ಸ್ಕೂಲಿನಿಂದ ನಡುವೆಯೇ ಮನೆಗೆ ಕರೆತಂದಿದ್ದರು. ಯಾಕೆ ಅಂತ ಕೇಳಿದರೆ ಅಮ್ಮ, "ಮೊದಲು ಊಟ ಮಾಡು, ಆಮೇಲೆ ಮಾತು," ಅಂದರು. ಅನ್ನದ ಮೇಲೆ ಎಂದೂ ಇಲ್ಲದಷ್ಟು ತುಪ್ಪ ಹಾಕಿದರು. ಬೇಡ ಅಂದರೂ ಇನ್ನೊಂದು ಸಲ ಬಡಿಸಿದರು. ಕೈ ತೊಳೆದು ಬಂದ ಮೇಲೆ, ತಾತ ಹೋಗಿಬಿಟ್ಟರು ಕಂದ, ಅಂದರು. ಅಂದಿನಿಂದ ಯಾರಾದರೂ ಅಷ್ಟು ಒತ್ತಾಯ ಮಾಡಿ ಬಡಿಸಿದರೆ, ಯಾರು ಹೋದರೋ ಅಂತ ಅವನು ಸುತ್ತ ನೋಡುತ್ತಾನೆ.

ಮೇಲಿನ ಕೋಣೆಯಿಂದ ಇಂಚರಾ ಇಳಿದು ಬಂದಳು. ಹದಿನೇಳು ವರ್ಷದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಹೈಸ್ಕೂಲು ಸೇರಿದ ಮೇಲೆ ಅಪ್ಪನಿಗೆ ಸಿಗುತ್ತಿದ್ದದ್ದು ಅದರಲ್ಲೂ ಒಂದೊಂದೇ ಪದ: ಫೈನ್, ಲೇಟರ್, ವಾಟೆವರ್. ಸೊಲೆನ್ ಬಂದ ಮೇಲೆ ಅದು ಬದಲಾಗಿತ್ತು. ಅಭ್ಯಾಸ ಮುಗಿಸಿ ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು, ಗೋಲಿನ ಮುಂದೆ ಎಲ್ಲಿ ನಿಂತರೆ ಎದುರಿನವರಿಗೆ ಜಾಗ ಸಣ್ಣದಾಗಿ ಕಾಣುತ್ತದೆ ಅಂತ ಉಪ್ಪಿನ ಡಬ್ಬಿ, ಸಾಸಿವೆ ಡಬ್ಬಿ ಇಟ್ಟು ಅಪ್ಪನಿಗೆ ತೋರಿಸುತ್ತಿದ್ದಳು. ಅವನಿಗೆ ಅದು ಅರ್ಥವಾಗುತ್ತಿರಲಿಲ್ಲ. ಮುಗಿಯದೆ ಇರಲಿ ಅಂತ ಮಾತ್ರ ಅನ್ನಿಸುತ್ತಿತ್ತು.

"ಅಪ್ಪಾ, ಆರ್ ಯು ಫೈರಿಂಗ್ ಹರ್?"

"ಕ್ಲಬ್ಬಿನ ನಿರ್ಣಯ ಕಣಮ್ಮಾ. ನಾನೊಬ್ಬನೇ..."

"ಓಕೆ," ಅಂದು ಮೇಲೆ ಹೋದಳು. ಮತ್ತೆ ಒಂದು ಪದಕ್ಕೆ ಬಂದು ನಿಂತಿತು. ಈ ಮ್ಯಾನೇಜರ್ ಹೋದ ದಿನ ಮಗಳೂ ಹೋಗುತ್ತಾಳೆ, ಮನೆಯಲ್ಲೇ ಇದ್ದುಕೊಂಡು ಹೋಗುತ್ತಾಳೆ ಅಂತ ಅಚ್ಯುತನಿಗೆ ಆಗಲೇ ಸ್ಪಷ್ಟವಾಯಿತು.

ಶನಿವಾರ ಸೊಲೆನ್ ಹೂವು ಹಿಡಿದುಕೊಂಡು ಬಂದಳು. ಸತ್ಯವತಿಯವರು ಇಂಡಿಯನ್ ಗ್ರೋಸರಿಯ ಫ್ರೀಜರಿನಿಂದ ತಂದ ಬಾಳೆಲೆಯನ್ನು ಬಿಸಿನೀರಿನಲ್ಲಿ ಎದ್ದಿ, ಒರೆಸಿ, ಹಾಸಿದರು. ಕೋಸಂಬರಿ ಬಂತು, ಹುರುಳಿಕಾಯಿ ಪಲ್ಯ ಬಂತು, ಚಿತ್ರಾನ್ನ ಬಂತು, ಹುಳಿ ಬಂತು, ಒಬ್ಬಟ್ಟು ಬಂತು. ಆ ಫ್ರಾನ್ಸಿನ ಹೆಂಗಸು ಮೀನಿನ ಊರಿನಲ್ಲಿ ಹುಟ್ಟಿದವಳು, ಆದರೂ ಏನನ್ನೂ ಬಿಡಲಿಲ್ಲ. ಕೈಯಲ್ಲಿ ತಿನ್ನುವುದನ್ನು ವಸುಧಾಳನ್ನು ನೋಡಿ ಕಲಿತಳು.

ತಿನ್ನುತ್ತ ತನ್ನ ಕತೆಯನ್ನೂ ಹೇಳಿದಳು, ಯಾರೂ ಕೇಳದಿದ್ದರೂ. ಅವಳ ಊರಿನಲ್ಲಿ ಮೈದಾನ ಗಂಡುಹುಡುಗರಿಗೆ. ಹುಡುಗಿಯರು ಆಡುತ್ತಿದ್ದದ್ದು ಮೀನು ಹರಾಜು ಕಟ್ಟೆಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ, ಅಲ್ಲಿನ ನೆಲ ಯಾವಾಗಲೂ ಒದ್ದೆ. ಜಾರದೆ ಓಡುವುದನ್ನು ಮೊದಲು ಕಲಿತೆ, ಚೆಂಡು ಆಮೇಲೆ ಅಂದಳು. ರಾಷ್ಟ್ರೀಯ ತಂಡಕ್ಕೆ ಆಡುವಾಗಲೂ ಸೋಮವಾರದಿಂದ ಶುಕ್ರವಾರ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳಂತೆ.

"ಮೊದಲ ಕ್ಲಬ್ಬಿಗೆ ಮ್ಯಾನೇಜರ್ ಆದಾಗ ನಾವು ಸೋತೆವು," ಅಂದಳು. "ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಫೋನ್ ಬಂತು. ಬರುವ ರೈಲು ಹತ್ತಬೇಡಿ ಅಂದರು."

"ಅಯ್ಯೋ," ಅಂದಳು ವಸುಧಾ, ಗಂಡನ ಕಡೆ ನೋಡಿ.

"ಎರಡನೆಯ ಕ್ಲಬ್ಬಿನಲ್ಲಿ ಯಾರೂ ಏನೂ ಹೇಳಲಿಲ್ಲ. ಬೆಳಿಗ್ಗೆ ಗೇಟಿಗೆ ಕಾರ್ಡು ಹಿಡಿದೆ. ಗೇಟು ತೆರೆಯಲಿಲ್ಲ. ವಾಚ್‌ಮನ್ ಒಳ್ಳೆಯವನು. ನನ್ನ ಬೂಟುಗಳನ್ನು ಚೀಲಕ್ಕೆ ಹಾಕಿ ತಂದುಕೊಟ್ಟ."

ಅಚ್ಯುತ ಎಲೆಯ ಮೇಲಿನ ಒಬ್ಬಟ್ಟನ್ನು ನೋಡುತ್ತ ಕೂತ. ಸತ್ಯವತಿಯವರಿಗೆ ಇಂಗ್ಲಿಷು ತಿಳಿಯದಿದ್ದರೂ ಗೇಟು, ಬೂಟು ತಿಳಿಯಿತು. ಅವರು ಎದ್ದು ಹೋಗಿ ಸೊಲೆನ್‌ಳ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ ಅದರ ಮೇಲೆ ತುಪ್ಪ ಸುರಿದರು. ಕೈ ತೊಳೆದಾಯಿತು, ಕೈ ಒಣಗಿತು. ಕುಂಕುಮ ಕೊಟ್ಟರು. ಮಿಕ್ಕ ಚಿತ್ರಾನ್ನವನ್ನು ಸ್ಟೀಲ್ ಡಬ್ಬಿಗೆ ತುಂಬಿ ಕೈಗಿತ್ತರು. ಅಚ್ಯುತ ಬಾಗಿಲ ತನಕ ಹೋದ.

"ಕೋಚ್, ಒಂದು ವಿಷಯ..."

ಸೊಲೆನ್ ತಿರುಗಿ ನಿಂತಳು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಡಬ್ಬಿ.

"ಬುಧವಾರ ಅಭ್ಯಾಸಕ್ಕೆ ಕುರ್ಚಿ ತರಬೇಕಾ ಅಂತ," ಅಂದ ಅಚ್ಯುತ.

ಬೇಡ ಅಂದಳು.

ಸಂಜೆ ಕೇದಾರನ ಫೋನು. "ಹೇಳಿದ್ಯಾ?"

"ಊಟ ಆಯ್ತು," ಅಂದ ಅಚ್ಯುತ.

"ನಾ ಕೇಳಿದ್ದು ಅದಲ್ಲ."

ಆ ಡಬ್ಬಿ ಒಂದು ದೊಡ್ಡ ತಲೆನೋವಾಯಿತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು ಅಂತ ವಸುಧಾ ಮಾತಿನ ನಡುವೆ ಸೊಲೆನ್‌ಗೆ ಹೇಳಿದ್ದಳು. ಸೊಲೆನ್ ಅದನ್ನು ಆಟದ ನಿಯಮದಂತೆ ತೆಗೆದುಕೊಂಡಳು. ಮುಂದಿನ ಸೋಲಿನ ದಿನ, ಈ ಸಲ ಮನೆಯಲ್ಲಿ ಬೇಡ, ಮೈದಾನದ ಪಾರ್ಕಿಂಗಿನಲ್ಲೇ ಹೇಳಿ ಮುಗಿಸುತ್ತೇನೆ ಅಂತ ಅಚ್ಯುತ ಗಟ್ಟಿ ಮನಸ್ಸು ಮಾಡಿ ಅವಳ ಕಾರಿನ ಹತ್ತಿರ ಹೋದ. ಅವಳು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಅವಳ ಊರಿನ ಬೆಣ್ಣೆ ಕೇಕು.

"ಮೊಟ್ಟೆ ಹಾಕಿಲ್ಲ. ಅಜ್ಜಿಗೆ ಅಂತ ಹಾಕದೆ ಮಾಡಿದೆ. ಸರಿ ಬಂದಿದೆಯಾ ನೋಡಿ."

ಅಚ್ಯುತ ಒಂದು ತುಂಡು ಬಾಯಿಗೆ ಹಾಕಿಕೊಂಡ. ಬಾಯಿ ತುಂಬ ಬೆಣ್ಣೆ ಇದ್ದಾಗ ಏನು ಹೇಳಲು ಸಾಧ್ಯ? ಚೆನ್ನಾಗಿದೆ ಅಂದ. ಮನೆಗೆ ಬಂದ ಡಬ್ಬಿಯನ್ನು ಸತ್ಯವತಿಯವರು ತೊಳೆದು, ಬರಿದಾಗಿ ಕೊಡಲಾಗದೆ ಕೊಬ್ಬರಿಮಿಠಾಯಿ ತುಂಬಿದರು. ಹೀಗೆ ಆ ಡಬ್ಬಿ ವಾರದಿಂದ ವಾರಕ್ಕೆ ಓಡಾಡಿತು. ಒಬ್ಬರೂ ಅದನ್ನು ನಿಲ್ಲಿಸುವ ಹಾಗಿರಲಿಲ್ಲ.

"ನಿನ್ನ ಕೈಲೆ ಆಗೂದಿಲ್ಲ," ಅಂದ ಕೇದಾರ. "ನೀವು ಮೈಸೂರಿನವರು ಭಾಳ ಮೆತ್ತಗ. ನಾ ಹೇಳತೇನಿ ನೋಡು, ಎರಡ ಮಾತಿನ್ಯಾಗ."

ಅವನೂ ಅವಳನ್ನು ಮನೆಗೇ ಕರೆದ. ಬೇರೆ ಎಲ್ಲಿ ಕರೆದಾನು? ಹೆಂಡತಿ ನಿವೇದಿತಾ ಜೋಳದ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಅಚ್ಯುತ ಮನೆಯಲ್ಲಿ ಫೋನಿನ ಪಕ್ಕ ಕೂತು ಕಾದ. ಈ ಕೆಲಸ ತನ್ನ ತಲೆಯಿಂದ ಇಳಿಯಲಿ ಅಂತಲೂ ಇತ್ತು, ಕೇದಾರನ ಕೈಲೂ ಆಗದೆ ಇರಲಿ ಅಂತಲೂ ಇತ್ತು. ಎರಡನೆಯ ಆಸೆ ಯಾಕೆ ಅಷ್ಟು ಜೋರಾಗಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು.

ಸಂಜೆಯಾದ ಮೇಲೆ ಕೇದಾರನ ಫೋನು ಬಂತು.

"ಹೇಳಿದ್ಯಾ?" ಅಂತ ಈ ಸಲ ಕೇಳಿದವನು ಅಚ್ಯುತ.

"ಆಕಿ ನಾಕು ರೊಟ್ಟಿ ತಿಂದ್ಳು," ಅಂದ ಕೇದಾರ. "ನಾಕು ರೊಟ್ಟಿ ತಿಂದಾಕಿಗೆ ಹೆಂಗ ಹೇಳೂದು?"

"ಹಾಗಾದ್ರೆ?"

"ಗಾರ್ಗಿ ಫಾರ್ವರ್ಡ್ ಅಲ್ಲಂತ. ಚೆಂಡು ಬಂದಾಗ ಮೊದಲ ಹಿಂದ ತಿರುಗಿ ನೋಡತಾಳಂತ, ಯಾರರ ಉಳದಾರೇನು ಅಂತ. ಅಂಥಾಕಿ ಹಿಂದ ನಿಲ್ಲಬೇಕಂತ, ಕಾಯಾಕ. ಕೇಳಿದ ಕೂಡಲೇ ಗಾರ್ಗಿ ಅಳಾಕ ಹತ್ತಿದ್ಳು. ಬ್ಯಾಸರಕ್ಕಲ್ಲ. ತನಗೂ ಮೊದಲಿಂದ ಹಂಗ ಅನಸ್ತಿತ್ತಂತ, ನನಗ ಹೇಳಾಕ ಅಂಜಿದ್ಳಂತ. ಮುಂದಿನ ವಾರ ನೋಡೂಣು ಬಿಡು."

ಮುಂದಿನ ವಾರ ಗಾರ್ಗಿ ಹಿಂದೆ ನಿಂತಳು, ಅವಳ ಹಿಂದೆ ಗೋಲಿನಲ್ಲಿ ಇಂಚರಾ. ಬಕಪಕ್ಷಿಗಳು ಸೋಲಲಿಲ್ಲ. ಗೆಲ್ಲಲೂ ಇಲ್ಲ, ಒಂದೂ ಗೋಲಿಲ್ಲದೆ ಸಮವಾಯಿತು. ಹಗ್ಗದ ಆಚೆ ತಂದೆತಾಯಿಗಳು ಉಸಿರು ಬಿಡದೆ ಕೂತಿದ್ದರು. ಕೇದಾರ ಕೂಗಬಾರದು ಅಂತ ಹೆಂಡತಿಯ ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದ. ಆಟ ಮುಗಿದಾಗ ಇಂಚರಾ ಮೈದಾನದ ಆ ತುದಿಯಿಂದ ಓಡಿ ಬಂದು, ಹಗ್ಗ ದಾಟಿ, ಅಪ್ಪನ ಮುಂದೆ ನಿಂತು ಕೊನೆಯ ಚೆಂಡು ಎಲ್ಲಿಂದ ಬಂತು, ತಾನು ಯಾಕೆ ಎಡಕ್ಕೆ ಹಾರಿದೆ ಅಂತ ವಿವರಿಸಿದಳು. ವಿವರಣೆ ಕಾರಿನಲ್ಲಿ ಮುಂದುವರಿಯಿತು, ಅಡುಗೆಮನೆಯಲ್ಲಿ ಮುಂದುವರಿಯಿತು. ಉಪ್ಪಿನ ಡಬ್ಬಿ ಮತ್ತೆ ಕೆಳಗಿಳಿಯಿತು. ಅಚ್ಯುತನಿಗೆ ಆ ದಿನ ಆದ ಸಂತೋಷವನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ವಸುಧಾ ಅಣಕಿಸುತ್ತಾಳೆ.

ಮುಂದೆ ಅವರು ಎರಡು ಮೂರು ಆಟ ಗೆದ್ದರು, ಮತ್ತೆ ಕೆಲವನ್ನು ಸೋತರು. ಸೊಲೆನ್ ಊಟಕ್ಕೆ ಬರುತ್ತಲೇ ಇದ್ದಳು. ಈಗ ಕರೆಯಲು ಕಾರಣ ಬೇಕಿರಲಿಲ್ಲ. ಮೂರನೆಯ ಕ್ಲಬ್ಬಿನವರು ಅವಳನ್ನು ತೆಗೆದ ಕತೆಯನ್ನು ಬಿಸಿಬೇಳೆಬಾತಿನ ದಿನ ಹೇಳಿದಳು: ಅಧ್ಯಕ್ಷರು ಒಂದೇ ಕೋಣೆಯಲ್ಲಿ ಇದ್ದುಕೊಂಡು, ಸೆಕ್ರೆಟರಿಯ ಬಾಯಿಂದ ಹೇಳಿಸಿದರಂತೆ. ಅವಳು ಇದನ್ನೆಲ್ಲ ದುಃಖದ ಮುಖ ಮಾಡಿ ಹೇಳುತ್ತಿರಲಿಲ್ಲ. ನಿನ್ನೆ ಫ್ರೀವೇಯಲ್ಲಿ ಟ್ರಾಫಿಕ್ ಇತ್ತು ಅನ್ನುವ ಹಾಗೆ ಹೇಳುತ್ತಿದ್ದಳು. ಸತ್ಯವತಿಯವರಿಂದ ಎರಡು ಕನ್ನಡ ಮಾತು ಕಲಿತಿದ್ದಳು. 'ಸಾಕು' ಒಂದು. ಅದನ್ನು ಹೇಳಿದರೆ ಈ ಮನೆಯಲ್ಲಿ ಇನ್ನೂ ಬಡಿಸುತ್ತಾರೆ ಅನ್ನುವುದನ್ನೂ ಕಲಿತಿದ್ದಳು. 'ಊಟ ಆಯ್ತಾ' ಇನ್ನೊಂದು. ಅಭ್ಯಾಸದ ಆರಂಭದಲ್ಲಿ ಇಡೀ ತಂಡವನ್ನು ಸಾಲಾಗಿ ನಿಲ್ಲಿಸಿ ಅದನ್ನೇ ಕೇಳುತ್ತಿದ್ದಳು. ಮೆಕ್ಸಿಕೋದ ಹುಡುಗಿ, ವಿಯೆಟ್ನಾಮಿನ ಹುಡುಗಿ, ಎಲ್ಲರೂ 'ಆಯ್ತು ಕೋಚ್' ಅನ್ನುತ್ತಿದ್ದರು.

ಲೀಗು ಮುಗಿದಾಗ ಬಕಪಕ್ಷಿಗಳು ಕೆಳಗಿನಿಂದ ಎರಡನೆಯ ಸ್ಥಾನದಲ್ಲಿದ್ದವು. ಎಲ್ಲರೂ ಕಪ್ ಗೆದ್ದವರ ಹಾಗೆ ಫೋಟೋ ತೆಗೆಸಿಕೊಂಡರು. ಮ್ಯಾನೇಜರನ್ನು ಬಿಡಿಸುವ ನಿರ್ಣಯ ಹಾಗೆಯೇ ಉಳಿದಿತ್ತು. ಅದನ್ನು ರದ್ದು ಮಾಡಬೇಕಾದರೆ ಇನ್ನೊಂದು ಮೀಟಿಂಗು ಕರೆಯಬೇಕು, ಮೀಟಿಂಗು ಅಂದರೆ ಈಗ ಎಲ್ಲರಿಗೂ ಅಂಜಿಕೆ.

ಬೇಸಿಗೆಯ ಕೊನೆಯ ಒಂದು ಶುಕ್ರವಾರ ಸೊಲೆನ್‌ಳ ಮೆಸೇಜು ಬಂತು. ಭಾನುವಾರ ಮಧ್ಯಾಹ್ನ ತನ್ನ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬರಬೇಕು, ಎರಡೂ ಮನೆಯವರು, ಅಜ್ಜಿಯನ್ನು ಬಿಡದೆ ಕರೆತರಬೇಕು, ಒಂದು ವಿಷಯ ಮಾತಾಡುವುದಿದೆ. ಕುರ್ಚಿ ತನ್ನಿ ಅಂತಲೂ ಬರೆದಿದ್ದಳು.

ಅವಳ ಮನೆ ಡಬ್ಲಿನ್ನಿನಲ್ಲೇ, ಬಾರ್ಟ್ ರೈಲು ನಿಲ್ದಾಣದ ಎದುರಿಗೆ. ಡಬ್ಬಿ ಕೊಡಲು ಅಚ್ಯುತ ಹಲವು ಸಲ ಅಲ್ಲಿಗೆ ಹೋಗಿದ್ದ. ಅಚ್ಯುತ ಮಡಚುವ ಕುರ್ಚಿಗಳನ್ನು ಎರಡು ಸಲ ಲಿಫ್ಟಿನಲ್ಲಿ ಹೊತ್ತು ತಂದ. ಮೇಜು ಚಿಕ್ಕದು, ಏಳು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂತರು. ಅಚ್ಯುತ, ವಸುಧಾ, ಸತ್ಯವತಿಯವರು, ಇಂಚರಾ ಒಂದು ಕಡೆ. ಕೇದಾರ, ನಿವೇದಿತಾ, ಗಾರ್ಗಿ ಇನ್ನೊಂದು ಕಡೆ. ಸೊಲೆನ್ ಒಲೆಯ ಮುಂದೆ ನಿಂತಿದ್ದಳು. ಅಗಲವಾದ ಕಪ್ಪು ಕಾವಲಿ, ಪಕ್ಕದಲ್ಲಿ ಒಂದು ಪಾತ್ರೆ ತುಂಬ ಬೂದುಬಣ್ಣದ ಹಿಟ್ಟು. ಅವಳ ಊರಿನ ತಿಂಡಿಯಂತೆ, ಗಾಲೆಟ್ ಅಂತ ಹೆಸರು. ಕುಟ್ಟು ಅನ್ನುವ ಕಾಳಿನ ಹಿಟ್ಟು, ನೀರು, ಉಪ್ಪು ಅಷ್ಟೇ, ಮೊಟ್ಟೆ ಇಲ್ಲ ಅಂತ ಅವಳು ಅಜ್ಜಿಯ ಕಡೆ ನೋಡಿ ಹೇಳಿದಳು.

"ರಾಗಿ ದೋಸೆ ಇದ್ದ ಹಾಗಿದೆ," ಅಂದರು ಸತ್ಯವತಿಯವರು. "ಅಂಚು ಚೆನ್ನಾಗಿ ಬಿಡಿಸ್ತಾಳೆ."

ಮೊದಲ ಗಾಲೆಟ್ ಅಚ್ಯುತನ ತಟ್ಟೆಗೆ ಬಂತು. ಒಳಗೆ ಚೀಸು, ಹುರಿದ ಅಣಬೆ. ಅವನು ಅದನ್ನು ಮುರಿಯುತ್ತ ಸುಮ್ಮನೆ ಕೇಳಿದ, "ಕೋಚ್, ಏನೋ ಮಾತಾಡೋದಿದೆ ಅಂದಿದ್ದಿರಿ."

ಸೊಲೆನ್ ಕಾವಲಿಯಿಂದ ತಲೆ ಎತ್ತಲಿಲ್ಲ.

"ಮೊದಲು ಊಟ," ಅಂದಳು, ಅಜ್ಜಿಯಿಂದ ಕಲಿತ ಕನ್ನಡದಲ್ಲಿ. "ಆಮೇಲೆ ಮಾತು."

ಉಳಿದವರೆಲ್ಲ ನಕ್ಕರು. ಎಷ್ಟು ಚೆನ್ನಾಗಿ ಹೇಳಿದಳು ಅಂತ ನಿವೇದಿತಾ ಚಪ್ಪಾಳೆ ತಟ್ಟಿದಳು. ಅಚ್ಯುತ ನಗಲಿಲ್ಲ. ಅವಳು ಆಗಲೇ ಅವನ ತಟ್ಟೆಗೆ ಎರಡನೆಯದನ್ನು ಹಾಕಿ, ಅದರ ಮೇಲೆ ದೊಡ್ಡದೊಂದು ಬೆಣ್ಣೆಯ ತುಂಡು ಇಟ್ಟಿದ್ದಳು. ಬೇಡ ಅಂದರೂ ಇಟ್ಟಳು. ಅವನಿಗೆ ತಾತ ಹೋದ ದಿನದ ತುಪ್ಪ ನೆನಪಾಯಿತು. ಅವನು ಸುತ್ತ ನೋಡಿದ. ಗೋಡೆಯ ಮೇಲೆ ಫ್ರಾನ್ಸ್ ತಂಡದ ಹಳೆಯ ಫೋಟೋ ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಬಾಗಿಲ ಬಳಿ ಯಾವಾಗಲೂ ಮಣ್ಣು ಮೆತ್ತಿಕೊಂಡಿರುತ್ತಿದ್ದ ಬೂಟುಗಳು ತೊಳೆದು, ಒಣಗಿಸಿ, ಲೇಸು ಕಟ್ಟಿಟ್ಟಿದ್ದವು.

ಕೇದಾರ ಕೈಯೆತ್ತಿ ಮೂರನೆಯದನ್ನು ತಡೆಯುತ್ತ, ಇಂಗ್ಲಿಷಿನಲ್ಲಿ ಅಂದ, "ಕೋಚ್, ಈಗ ಹೇಳಿದರೆ ತಪ್ಪಿಲ್ಲ. ನಿಮ್ಮನ್ನು ಬಿಡಿಸಬೇಕು ಅಂತ ನಾವು ಒಂದು ಸಲ ಯೋಚನೆ ಮಾಡಿದ್ದೆವು."

ವಸುಧಾ ಮೇಜಿನ ಕೆಳಗೆ ಯಾರ ಕಾಲನ್ನೋ ತುಳಿದಳು. ಕೇದಾರನ ಕಾಲಿನ ಬದಲು ಅದು ಅಚ್ಯುತನದ್ದಾಗಿತ್ತು.

"ಗೊತ್ತು," ಅಂದಳು ಸೊಲೆನ್. "ಸೋಲುತ್ತಿರುವಾಗ ಅಧ್ಯಕ್ಷರು ಮನೆಗೆ ಕರೆದರೆ ಯಾಕೆ ಅಂತ ಎಲ್ಲ ಮ್ಯಾನೇಜರುಗಳಿಗೂ ಗೊತ್ತಿರುತ್ತದೆ. ಆ ಶನಿವಾರ ನಾನು ಸೂಟ್‌ಕೇಸು ತುಂಬಿಟ್ಟೇ ಬಂದಿದ್ದೆ." ಅವಳು ಹಿಟ್ಟನ್ನು ಕಾವಲಿಗೆ ಹೊಯ್ದು, ಮರದ ಪಟ್ಟಿಯಿಂದ ದುಂಡಗೆ ಹರಡಿದಳು. "ಅಜ್ಜಿ ಬಡಿಸಿದರು. ನಾನು ಕಾದೆ. ಇನ್ನೊಮ್ಮೆ ಬಡಿಸಿದರು. ಆಗ ನಿಮ್ಮ ಮುಖ ನೋಡಿದೆ ಅಚ್ಯುತ. ಈ ಮನುಷ್ಯನ ಕೈಲಿ ಆಗುವುದಿಲ್ಲ ಅಂತ ಗೊತ್ತಾಯಿತು. ಮನೆಗೆ ಹೋಗಿ ಸೂಟ್‌ಕೇಸು ಬಿಚ್ಚಿದೆ."

ಕೇದಾರ ತಟ್ಟೆಯನ್ನು ನೋಡಿಕೊಂಡ.

"ನನಗೆ ಇಷ್ಟು ಕ್ಲಬ್ಬುಗಳಲ್ಲಿ ಹೊರಗೆ ಹೋಗು ಅಂದರು," ಅಂದಳು ಸೊಲೆನ್. "ಮೊದಲು ಊಟ ಮಾಡು ಅಂದವರು ನೀವು ಮಾತ್ರ."

ಅವಳು ಅದನ್ನೂ ಟ್ರಾಫಿಕ್ ಸುದ್ದಿಯ ಹಾಗೆಯೇ ಹೇಳಲು ಹೋದಳು, ಆಗಲಿಲ್ಲ. ತಿರುಗಿ ಕಾವಲಿಯ ಕಡೆ ಮುಖ ಮಾಡಿದಳು. ಒಲೆಯ ಪಕ್ಕದ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ ಇತ್ತು, ಮುಚ್ಚಳ ಹಾಕಿ, ಮೇಲೆ ರಿಬ್ಬನ್ ಕಟ್ಟಿತ್ತು.

ಇಂಚರಾ ಡಬ್ಬಿಯನ್ನು ನೋಡಿದಳು, ಮೊಳೆಯನ್ನು ನೋಡಿದಳು, ಬೂಟುಗಳನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಚೆಂಡು ಎಲ್ಲಿಂದ ಬರುತ್ತದೆ ಅಂತ ಒದೆಯುವ ಮೊದಲೇ ತಿಳಿಯುವುದನ್ನು ಅವಳಿಗೆ ಈ ಬೇಸಿಗೆಯಲ್ಲಿ ಕಲಿಸಿದ್ದರು.

ಅವಳ ಊರಿನ ಕಡೆಯ ದೊಡ್ಡ ಕ್ಲಬ್ಬೊಂದು ಅವಳನ್ನು ಕರೆದಿರಬೇಕು. ಒಳ್ಳೆಯ ಕೆಲಸವೇ ಇರಬೇಕು, ಇಷ್ಟು ಕಡೆ ಬಾಗಿಲು ಮುಚ್ಚಿಸಿಕೊಂಡವಳಿಗೆ ಕೊನೆಗೂ ಒಂದು ಗೇಟು ತೆರೆದಿರಬೇಕು. ಸಂತೋಷ ಪಡಬೇಕಾದದ್ದೇ. ಪಡುತ್ತೇನೆ, ಅಂದುಕೊಂಡ ಅಚ್ಯುತ, ಆದರೆ ಈಗಲೇ ಅಲ್ಲ. ಅವನ ತಟ್ಟೆ ಖಾಲಿಯಾಗಿತ್ತು. ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ಏಳುವಂತಿರಲಿಲ್ಲ, ಎದ್ದರೆ ಕೈ ತೊಳೆಯಬೇಕು, ಕೈ ತೊಳೆದರೆ ಅವಳು ಹೇಳಬೇಕು. ಅವನು ತಟ್ಟೆಯನ್ನು ಮುಂದಕ್ಕೆ ಚಾಚಿದ.

"ಇನ್ನೊಂದು ಹಾಕಿ ಕೋಚ್."

ಸೊಲೆನ್ ಅವನನ್ನು ನೋಡಿದಳು. ಈ ಸಲವೂ ಅವಳು ಮುಖ ನೋಡಿಯೇ ತಿಳಿದುಕೊಂಡಳು. ಮಾತಾಡದೆ ಒಂದು ಹಾಕಿದಳು.

"ನನಗೂ ಇನ್ನೊಂದು," ಅಂದಳು ಇಂಚರಾ, ಕನ್ನಡದಲ್ಲಿ. ಅಚ್ಯುತ ಮಗಳ ಕಡೆ ತಿರುಗಲಿಲ್ಲ, ತಿರುಗಿದರೆ ಅತ್ತುಬಿಡುತ್ತಿದ್ದ. ಗಾರ್ಗಿ ತಟ್ಟೆ ಚಾಚಿದಳು. ಕೇದಾರ, ಬೇಡ ಅಂದಿದ್ದವನು, ಚಾಚಿದ. ಸತ್ಯವತಿಯವರು ಆಗಲೇ ಕೈ ತೊಳೆದುಕೊಂಡು ಬಂದು ಕೂತಿದ್ದರು. ಅವರಿಗೆ ಯಾರೂ ಏನನ್ನೂ ಇಂಗ್ಲಿಷಿನಿಂದ ಬಿಡಿಸಿ ಹೇಳಿರಲಿಲ್ಲ. ಅವರು ಎಲ್ಲರ ಮುಖ ನೋಡಿ, ತಮ್ಮ ತೊಳೆದ ತಟ್ಟೆಯನ್ನು ಮತ್ತೆ ಮೇಜಿನ ಮೇಲೆ ಇಟ್ಟರು.

ಸೊಲೆನ್ ಪಾತ್ರೆಯೊಳಗೆ ನೋಡಿದಳು. ಹಿಟ್ಟು ತಳ ಕಂಡಿತ್ತು. ಅವಳು ಮೇಲಿನ ಕಪಾಟು ತೆರೆದು ಹೊಸ ಹಿಟ್ಟಿನ ಪೊಟ್ಟಣ ತೆಗೆದಳು, ನಲ್ಲಿ ತಿರುಗಿಸಿ ಪಾತ್ರೆಗೆ ನೀರು ಹಿಡಿದಳು, ಮತ್ತೆ ಕಲಸತೊಡಗಿದಳು.